‘ಇನ್ನು 20 ಉಳಿದಿದೆ’ ಅಂದರೆ ಏನು ಉಳಿದಿದೆ?

(ಬೆಂಗಳೂರಿನ ಜಯನಗರದಲ್ಲಿ, ಮೊಬೈಲ್ ಆ್ಯಪ್ ಬರೆಯುವ ಕನ್ನಡಿಗರ ಸಣ್ಣ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನೆಲ್ಲ ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಮುಖ್ಯವಾದ ಕೆಲವನ್ನು ಮಾತ್ರ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವಿಷಯ ನೋಡಿ ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರುತ್ತದೆ: ಟೆಕ್ಸ್ಟ್ ಬಾಕ್ಸಿನ ಕೆಳಗೆ ‘45/100’ ಅಂತ ಓಡುವ ಒಂದು ಅಂಕಿ, ಅದರ ಬಗ್ಗೆ ಇಷ್ಟು ಹೊತ್ತು ಮಾತಾಡೋದಕ್ಕೆ ಏನಿದೆ? ಆಂಡ್ರಾಯ್ಡ್‌ನಲ್ಲಿ ಟೆಕ್ಸ್ಟ್‌ಇನ್‌ಪುಟ್‌ಲೇಔಟ್‌ಗೆ ಕೌಂಟರ್ ಆನ್ ಮಾಡಿ ಗರಿಷ್ಠ ಮಿತಿ ಕೊಟ್ಟರೆ ಅಂಕಿ ತಾನಾಗಿ ಓಡುತ್ತದೆ. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಕಟ್ಟುವ ಫ್ಲಟರ್‌ನಲ್ಲಿ ಮ್ಯಾಕ್ಸ್‌ಲೆಂಗ್ತ್ ಅಂತ ಒಂದು ಸಂಖ್ಯೆ ಕೊಟ್ಟರೆ ಮುಗಿಯಿತು. ಐಫೋನಿಗೆ ಸ್ವಲ್ಪ ಕೈಯಾರೆ ಬರೆಯಬೇಕು, ಅದೂ ಹೆಚ್ಚೇನಲ್ಲ. ಮಧ್ಯಾಹ್ನದ ಊಟಕ್ಕೆ ಮುಂಚೆ ಟಿಕೆಟ್ ಕ್ಲೋಸ್.

ಬಳಸುವವರು ಇಂಗ್ಲಿಷಿನಲ್ಲಿ ಬರೆಯುವವರೆಗೆ ಇದು ನಿಜ. ಕನ್ನಡದಲ್ಲಿ ಬರೆಯತೊಡಗಿದರೆ ಏನಾಗುತ್ತದೆ ನೋಡಿ. ಊಟ ತರಿಸುವ ಆ್ಯಪ್‌ಗಳಲ್ಲಿ ಡೆಲಿವರಿ ಹುಡುಗನಿಗೆ ಸೂಚನೆ ಬರೆಯುವ ಜಾಗ ಇರುತ್ತದಲ್ಲ, ಅಲ್ಲಿ ಒಬ್ಬರು ಬರೆದರು ಅನ್ನಿ: ‘ಗೇಟ್ ಹತ್ತಿರ ಇಟ್ಟು ಹೋಗಿ’. ನಡುವಿನ ಮೂರು ಖಾಲಿ ಜಾಗವೂ ಸೇರಿ ಆಂಡ್ರಾಯ್ಡ್‌ನ ಕೌಂಟರ್ ಇದಕ್ಕೆ 22 ತೋರಿಸುತ್ತದೆ. ಸ್ವಿಫ್ಟ್‌ನ ಕೌಂಟ್ ಬಳಸಿದ ಐಫೋನ್ ಆ್ಯಪ್ 14 ತೋರಿಸುತ್ತದೆ. ಹಿಂದೆ ಕೂತಿರುವ ಸರ್ವರ್ ಗೋ ಭಾಷೆಯಲ್ಲಿದ್ದು, ಬರೆದವರು ಯೋಚಿಸದೆ ಲೆನ್ ಅಂತ ಕರೆದಿದ್ದರೆ, ಅದು 60 ಅನ್ನುತ್ತದೆ. ಮೂವರದ್ದೂ ತಪ್ಪಲ್ಲ. ಒಬ್ಬೊಬ್ಬರು ಒಂದೊಂದನ್ನು ಎಣಿಸುತ್ತಿದ್ದಾರೆ, ಅಷ್ಟೆ. ಇದೇ ಸೂಚನೆಯನ್ನು ‘ಲೀವ್ ಅಟ್ ದ ಗೇಟ್’ ಅಂತ ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಮೂರೂ ಕಡೆ 17. ಹಾಗಾಗಿ ಇಂಗ್ಲಿಷಿನಲ್ಲಿ ಟೆಸ್ಟ್ ಮಾಡಿದವರಿಗೆ ಈ ತಕರಾರು ಕಣ್ಣಿಗೇ ಬೀಳುವುದಿಲ್ಲ.

ಬೆಂಗಳೂರಿನಲ್ಲಿ ಆಟೊ ಹತ್ತಿದವರಿಗೆ ಈ ಅನುಭವ ಹೊಸದಲ್ಲ: ಮೀಟರ್ ತೋರಿಸುವುದೊಂದು, ಇಳಿಯುವಾಗ ಕೇಳುವುದು ಇನ್ನೊಂದು. ಕೌಂಟರ್ ತೋರಿಸುವ ಲೆಕ್ಕ ಮತ್ತು ಸರ್ವರ್ ‘ಆಗಲ್ಲ’ ಅನ್ನುವ ಲೆಕ್ಕ ಒಂದೇ ಆಗಿರಬೇಕು. ಇವತ್ತು ನಾನು ಹೇಳಲು ಬಂದಿರುವುದು ಇದನ್ನೇ. ಕನ್ನಡದಲ್ಲಿ ಇದು ಯಾಕೆ ತಾನಾಗಿ ಆಗುವುದಿಲ್ಲ, ನಾವು ಏನು ಮಾಡಬೇಕು ಅನ್ನುವುದು ಉಳಿದ ಮಾತು.

ಒಂದು ಪದವನ್ನೇ ಬಿಡಿಸಿ ನೋಡೋಣ. ಮಲ್ಲೇಶ್ವರಂ. ಶಾಲೆಯಲ್ಲಿ ಕಲಿತಂತೆ ಎಣಿಸಿದರೆ ಮ, ಲ್ಲೇ, ಶ್ವ, ರಂ: ನಾಲ್ಕು. ಕಂಪ್ಯೂಟರಿನೊಳಗೆ ಅದು ಹಾಗೆ ಕೂತಿಲ್ಲ. ಎಲ್ಲ ಲಿಪಿಗಳ ಅಕ್ಷರ, ಚಿಹ್ನೆಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಜಾಗಗಳ ಒಂದು ವಿಭಾಗ ಇದೆ, 1991ರ ಮೊದಲ ಆವೃತ್ತಿಯಿಂದಲೂ ಇದೆ. ಅದರಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಜಾಗ ಇಲ್ಲ. ಲ, ಅದರ ಮುಂದೆ ವಿರಾಮ ಅಂದರೆ ಹಲಂತ್ ಚಿಹ್ನೆ, ಮತ್ತೆ ಲ, ಆಮೇಲೆ ಏತ್ವದ ಚಿಹ್ನೆ. ಈ ನಾಲ್ಕನ್ನೂ ಸಾಲಾಗಿ ಇಟ್ಟರೆ ಫಾಂಟು ಅದನ್ನು ‘ಲ್ಲೇ’ ಎಂದು ಕಟ್ಟಿ ತೋರಿಸುತ್ತದೆ. ಹೀಗೆ ಸಾಲಾಗಿ ಕೂತಿರುವ ಒಂದೊಂದು ಘಟಕವೂ ಒಂದು ಕೋಡ್‌ಪಾಯಿಂಟ್. ಮಲ್ಲೇಶ್ವರಂನಲ್ಲಿ ಅಂಥವು 10. ಅವನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೂ 3 ಬೈಟ್ ಬೇಕು, ಹಾಗಾಗಿ 30 ಬೈಟ್. ಕೋಟ್ಲಿನ್, ಜಾವಾಸ್ಕ್ರಿಪ್ಟ್, ಡಾರ್ಟ್‌ಗಳ ಲೆಂಗ್ತ್ ಎಣಿಸುವುದು ಇನ್ನೊಂದು ಪದ್ಧತಿಯಾದ ಯುಟಿಎಫ್-16ರ ಘಟಕಗಳನ್ನು. ಕನ್ನಡದ ಮಟ್ಟಿಗೆ ಅದೂ ಕೋಡ್‌ಪಾಯಿಂಟೂ ಒಂದೇ, ಎರಡೂ 10. ಎಮೋಜಿ ಬಂದಾಗ ಬೇರೆಯಾಗುತ್ತವೆ, ಅದನ್ನು ಕೊನೆಗೆ ನೋಡೋಣ.

ಇಲ್ಲಿಗೆ ಮೂರು ಲೆಕ್ಕ ಆಯಿತು: 4, 10, 30. ನಾಲ್ಕನೆಯದೂ ಒಂದಿದೆ. ಬಳಸುವವರ ಕಣ್ಣಿಗೆ ಒಂದಾಗಿ ಕಾಣುವುದನ್ನು ಒಂದೆಂದು ಎಣಿಸಲು ಯೂನಿಕೋಡ್ ‘ಗ್ರಾಫೀಮ್ ಕ್ಲಸ್ಟರ್’ ಎಂಬ ನಿಯಮ ಮಾಡಿದೆ. ಸ್ವಿಫ್ಟ್‌ನ ಕೌಂಟ್, ಫ್ಲಟರ್‌ನ ಮ್ಯಾಕ್ಸ್‌ಲೆಂಗ್ತ್ ಎಣಿಸುವುದು ಇದನ್ನು. ಹೆಸರು ಕೇಳಿದರೆ ನಮ್ಮ ಅಕ್ಷರದ ಲೆಕ್ಕವೇ ಬರಬೇಕು ಅನ್ನಿಸುತ್ತದೆ. ಬರುವುದಿಲ್ಲ. ಕಾಗುಣಿತದ ಚಿಹ್ನೆ, ಅನುಸ್ವಾರ, ಹಲಂತ್ ಇವೆಲ್ಲ ಹಿಂದಿನ ವ್ಯಂಜನಕ್ಕೆ ಅಂಟಿಕೊಳ್ಳುತ್ತವೆ. ಆದರೆ ಹಲಂತ್ ಆದ ಮೇಲೆ ಬರುವ ವ್ಯಂಜನ ಹೊಸ ಕ್ಲಸ್ಟರ್ ಆಗಿಬಿಡುತ್ತದೆ. ಅದಕ್ಕೇ ಮಲ್ಲೇಶ್ವರಂ ಆ ಲೆಕ್ಕದಲ್ಲಿ ಮ, ಲ್, ಲೇ, ಶ್, ವ, ರಂ ಎಂದು 6. ಒತ್ತಕ್ಷರವನ್ನು ಒಡೆಯದೆ ಒಂದೇ ಎಂದು ಎಣಿಸುವ ನಿಯಮ 2023ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಆ ನಿಯಮ ಅನ್ವಯಿಸುತ್ತದೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಕ್ಕದ ತೆಲುಗಿಗೆ ಒಂದು ಲೆಕ್ಕ, ನಮಗೆ ಇನ್ನೊಂದು.

ಸ್ವಲ್ಪ ಆಚೆ ಹೋಗುತ್ತೇನೆ, ಕ್ಷಮಿಸಿ. ಅಕ್ಷರ ಎಣಿಸುವುದರಲ್ಲಿ ಕನ್ನಡದವರು ಇನ್ನೊಬ್ಬರಿಂದ ಕಲಿಯಬೇಕಾದ್ದೇನೂ ಇಲ್ಲ. ಉತ್ಪಲಮಾಲೆಯ ಸಾಲಿಗೆ 20 ಅಕ್ಷರ, ಚಂಪಕಮಾಲೆಗೆ 21 ಎಂದು ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದೇವೆ. ಒತ್ತಕ್ಷರ ಎಷ್ಟು ದೊಡ್ಡದಾದರೂ ಒಂದೇ, ಅದರ ಹಿಂದಿನದು ಗುರು. ಕೊನೆಯ ಅರ್ಧ ವ್ಯಂಜನ ಹಿಂದಿನದರ ಜೊತೆಗೆ. ಕಂದಪದ್ಯಕ್ಕೆ ಬಂದರೆ ಅಕ್ಷರ ಬಿಟ್ಟು ಮಾತ್ರೆ ಎಣಿಸುತ್ತೇವೆ. ಯಾವ ಪದ್ಯಕ್ಕೆ ಯಾವ ಘಟಕ ಅನ್ನುವುದನ್ನು ಮೊದಲೇ ತೀರ್ಮಾನಿಸಿಕೊಂಡೇ ಎಣಿಸಲು ಕೂರುತ್ತಿದ್ದೆವು. ಆ್ಯಪ್ ಬರೆಯುವಾಗ ಮಾತ್ರ ಆ ಕೆಲಸವನ್ನು ಲೈಬ್ರರಿಗೆ ಬಿಟ್ಟುಬಿಡುತ್ತೇವೆ.

ಡೇಟಾಬೇಸಿಗೆ ಬರೋಣ. ಕೌಂಟರ್ ಸುಳ್ಳಾಗುವುದು ಹೆಚ್ಚಾಗಿ ಇಲ್ಲೇ. ಮೈಎಸ್‌ಕ್ಯುಎಲ್‌ನಲ್ಲಿ, ಪೋಸ್ಟ್‌ಗ್ರೆಸ್‌ನಲ್ಲಿ ವಾರ್‌ಕ್ಯಾರ್ 100 ಅಂದರೆ 100 ಕೋಡ್‌ಪಾಯಿಂಟ್. ಒರಾಕಲ್‌ನಲ್ಲಿ ವಾರ್‌ಕ್ಯಾರ್2ಗೆ 100 ಎಂದಷ್ಟೇ ಕೊಟ್ಟು ಬೇರೇನೂ ಹೇಳದಿದ್ದರೆ ಅದು 100 ಬೈಟ್. ಆ ಕಾಲಮ್ಮಿನಲ್ಲಿ ಕನ್ನಡದ 33 ಕೋಡ್‌ಪಾಯಿಂಟ್ ಹಿಡಿಸುತ್ತದೆ. ‘ಮಲ್ಲೇಶ್ವರಂ’ ಎಂದು ಮೂರು ಸಲ ಬರೆಯಬಹುದು, ನಾಲ್ಕನೆಯದಕ್ಕೆ ಜಾಗ ಇಲ್ಲ. ಹಳೆಯ ಸಿಸ್ಟಮ್ಮುಗಳ ಮೇಲೆ ಹೊಸ ಆ್ಯಪ್ ಕೂರಿಸಿದ ಕಡೆಯೆಲ್ಲ ಇಂಥ ಕಾಲಮ್ ಒಂದಾದರೂ ಸಿಗುತ್ತದೆ.

ರಸ್ತೆ, ನೀರು, ಬೀದಿದೀಪದ ದೂರು ಕೊಡುವ ಆ್ಯಪ್ ಒಂದನ್ನು ನಾನೂ ಬಳಸಿದ್ದೇನೆ. ಹೆಸರು ಬೇಡ. ಅದರ ಕೌಂಟರ್ ಮಿತಿ 250 ಎಂದು ತೋರಿಸುತ್ತಿತ್ತು. ನಮ್ಮ ರಸ್ತೆಯ ಗುಂಡಿ ಎಲ್ಲಿದೆ, ಯಾವ ಕ್ರಾಸು, ಮಳೆ ಬಂದಾಗ ಏನಾಗುತ್ತದೆ ಎಂದೆಲ್ಲ ಕನ್ನಡದಲ್ಲಿ ಬರೆದು, ಮಿತಿಯೊಳಗೇ ಇದೆ ಎಂದು ಖಾತ್ರಿ ಮಾಡಿಕೊಂಡು ಒತ್ತಿದರೆ ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’. ಮತ್ತೆ ಒತ್ತಿದರೂ ಅದೇ. ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಸಿದಾಗ ದೂರು ದಾಖಲಾಯಿತು. 250 ಬೈಟ್ ಅಂದರೆ ಕನ್ನಡದ 83 ಕೋಡ್‌ಪಾಯಿಂಟ್. ಒಳಗೆ ಏನಿದ್ದಿರಬಹುದು ಎಂದು ನೀವೇ ಊಹಿಸಿ. ನಾವು ಈ ಕಸುಬಿನವರು, ಊಹೆ ಮಾಡಿ ಚಿಕ್ಕದು ಮಾಡುತ್ತೇವೆ. ಬೇರೆಯವರು ‘ಇದು ಕನ್ನಡ ತಗೊಳ್ಳಲ್ಲ’ ಎಂದು ತೀರ್ಮಾನಿಸಿ ಇಂಗ್ಲಿಷಿಗೆ ಹೋಗುತ್ತಾರೆ, ಇಲ್ಲವೇ ಫೋನ್ ಜೇಬಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಮೀಟಿಂಗಿನಲ್ಲಿ ಯಾರೋ ಸ್ಲೈಡ್ ತೋರಿಸುತ್ತಾರೆ: ಕನ್ನಡದಲ್ಲಿ ದೂರುಗಳೇ ಬರುತ್ತಿಲ್ಲ, ಕನ್ನಡದ ಬಳಕೆ ಕಡಿಮೆ.

ಮಿತಿ ದಾಟಿದ್ದನ್ನು ತಿರಸ್ಕರಿಸದೆ ಸುಮ್ಮನೆ ಕತ್ತರಿಸುವ ಸರ್ವರ್‌ಗಳಿವೆ, ಅವು ಇನ್ನೂ ಕೆಟ್ಟವು. ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಮೂರು ಬೈಟಿನ ನಡುವೆ ಕತ್ತರಿ ಬಿದ್ದು ಕೊನೆಯಲ್ಲಿ ಪ್ರಶ್ನಾರ್ಥಕದ ಚೌಕುಳಿ ಕಾಣಿಸಿಕೊಳ್ಳುತ್ತದೆ. ಕೋಡ್‌ಪಾಯಿಂಟ್ ಲೆಕ್ಕದಲ್ಲಿ ಕತ್ತರಿಸಿದರೆ ‘ಲಕ್ಷ್ಮಿ’ ಎಂಬ ಹೆಸರು ‘ಲಕ್ಷ್’ ಆಗಿ ಉಳಿಯುತ್ತದೆ. ಹೆಸರಿನ ಕಾಲಮ್ಮಿನಲ್ಲಿ ಹೀಗಾದರೆ ಆ ಹೆಣ್ಣುಮಗಳು ಮುಂದೆ ಎಷ್ಟು ಕಚೇರಿ ಅಲೆಯಬೇಕು ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಕಣ್ಣಿಗೆ ಕಾಣದ್ದೂ ಲೆಕ್ಕಕ್ಕೆ ಬರುತ್ತದೆ. ‘ಸಾಫ್ಟ್‌ವೇರ್’ ಎಂದು ಸರಿಯಾಗಿ ಬರೆಯಬೇಕಾದರೆ ಟಕಾರದ ಹಲಂತ್ ಆದ ಮೇಲೆ ಒಂದು ಕಾಣದ ಚಿಹ್ನೆ ಹಾಕಬೇಕು, ಜೆಡ್‌ಡಬ್ಲ್ಯುಎನ್‌ಜೆ. ಇಲ್ಲದಿದ್ದರೆ ವಕಾರ ಹೋಗಿ ಟಕಾರದ ಕೆಳಗೆ ಒತ್ತಾಗಿ ಕೂರುತ್ತದೆ. ಆ ಚಿಹ್ನೆ ಸೇರಿ ಈ ಪದ 11 ಕೋಡ್‌ಪಾಯಿಂಟ್. ‘ರ‍್ಯಾಂಕ್’ ಬರೆಯುವಾಗ ಅರ್ಕಾವತ್ತು ಬರದಂತೆ ತಡೆಯಲು ರಕಾರದ ಪಕ್ಕದಲ್ಲೇ ಅದರ ಅಣ್ಣ ಜೆಡ್‌ಡಬ್ಲ್ಯುಜೆ ಬೇಕು. ಅದು ಸೇರಿ 8. ಪಿಯುಸಿ ಫಲಿತಾಂಶದ ಕಾಲಕ್ಕೆ ಬೆಂಗಳೂರಿನ ಬ್ಯಾನರುಗಳಲ್ಲಿ ಇದನ್ನು ಬಿಟ್ಟು ಬರೆದ ರ್ಯಾಂಕುಗಳು ಬೇಕಾದಷ್ಟು ಸಿಗುತ್ತವೆ. ‘ಕಾಣದ ಚಿಹ್ನೆಗಳನ್ನೆಲ್ಲ ತೆಗೆದುಹಾಕು’ ಎಂದು ಸರ್ವರ್‌ನಲ್ಲಿ ಒಂದು ಸಾಲು ಬರೆದಿಟ್ಟಿರುವ ತಂಡಗಳಿವೆ. ಸೆಕ್ಯುರಿಟಿಗೆ ಒಳ್ಳೆಯದು ಎಂದುಕೊಂಡಿರುತ್ತಾರೆ, ಕನ್ನಡದ ಕಾಗುಣಿತ ಕೆಡುತ್ತಿರುತ್ತದೆ.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. ‘ಕೋರಮಂಗಲ’ ಎಂಬುದನ್ನು ಎರಡು ರೀತಿ ಶೇಖರಿಸಬಹುದು. ಓತ್ವದ ದೀರ್ಘಕ್ಕೆ ಒಂದೇ ಕೋಡ್‌ಪಾಯಿಂಟ್ ಇದೆ. ಅದನ್ನೇ ಎತ್ವ, ಊತ್ವ, ದೀರ್ಘದ ಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಇಡಬಹುದು. ನೋಡಲು ಎರಡೂ ಒಂದೇ. ಲೆಕ್ಕದಲ್ಲಿ ಮೊದಲನೆಯದು 7, ಎರಡನೆಯದು 9. ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸಿದ ಪಠ್ಯದಲ್ಲಿ ಬಿಡಿಸಿದ ರೂಪ ಬರಬಹುದು. ಆಗ ಕೌಂಟರ್ ಅಷ್ಟೇ ಅಲ್ಲ, ಸರ್ಚ್ ಕೂಡ ಕೈಕೊಡುತ್ತದೆ. ಎಣಿಸುವ ಮುಂಚೆ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿಸಿದ್ದನ್ನು ಮತ್ತೆ ಒಂದಾಗಿ ಸೇರಿಸುವ ಯೂನಿಕೋಡ್ ರೂಪಕ್ಕೆ, ತರಬೇಕು. ಬರೆಯುವ ಬಾಕ್ಸಿನೊಳಗಿನ ಪಠ್ಯವನ್ನೇ ಮುಟ್ಟಬೇಡಿ, ಕರ್ಸರ್ ಎಲ್ಲೆಲ್ಲೋ ಹಾರುತ್ತದೆ. ಒಂದು ನಕಲು ತೆಗೆದು ಅದನ್ನು ಎಣಿಸಿ.

ಇದುವರೆಗೆ ಹೇಳಿದ್ದು ನಿಂತ ಪಠ್ಯದ ಮಾತು. ನಮಗೆ ಬೇಕಾಗಿರುವುದು ಬೆರಳು ಓಡುತ್ತಿರುವಾಗಲೇ ಓಡುವ ಅಂಕಿ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಕೀಲಿಮಣೆಯಲ್ಲಿ ‘ಸ್ವಾತಿ’ ಎಂದು ಬರೆಯಿರಿ. ಎಸ್ ಒತ್ತಿದಾಗ ‘ಸ್’, ಕೋಡ್‌ಪಾಯಿಂಟ್ 2. ವಿ ಒತ್ತಿದಾಗ ‘ಸ್ವ್’, 4. ಎ ಒತ್ತಿದಾಗ ಕೊನೆಯ ಹಲಂತ್ ಮಾಯವಾಗಿ ‘ಸ್ವ’, 3. ಇನ್ನೊಂದು ಎ, ‘ಸ್ವಾ’, 4. ಟಿ, ‘ಸ್ವಾತ್’, 6. ಐ, ‘ಸ್ವಾತಿ’, 6. ಅಂದರೆ ಅಂಕಿ 2, 4, 3, 4, 6, 6 ಎಂದು ಕುಣಿಯುತ್ತದೆ. ಅಕ್ಷರ ಸೇರಿಸಿದಾಗ ಲೆಕ್ಕ ಇಳಿಯಿತು! ಗ್ರಾಫೀಮ್ ಲೆಕ್ಕದಲ್ಲಿ ಇದೇ 1, 2, 2, 2, 3, 3. ಎಲ್ಲೂ ಹಿಂದೆ ಬರುವುದಿಲ್ಲ. ಇದನ್ನು ನೋಡಿ ಗ್ರಾಫೀಮೇ ವಾಸಿ ಎಂದುಕೊಳ್ಳುವ ಮುಂಚೆ ಅಳಿಸಿಯೂ ನೋಡಿ. ಆಂಡ್ರಾಯ್ಡ್‌ನಲ್ಲಿ ಕನ್ನಡದ ಬ್ಯಾಕ್‌ಸ್ಪೇಸ್ ಸಾಮಾನ್ಯವಾಗಿ ಕೋಡ್‌ಪಾಯಿಂಟ್ ಒಂದೊಂದನ್ನೇ ಅಳಿಸುತ್ತದೆ. ‘ಲಕ್ಷ್ಮಿ’ಯನ್ನು ಅಳಿಸುತ್ತ ಬಂದರೆ ಕೋಡ್‌ಪಾಯಿಂಟ್ ಲೆಕ್ಕ 7, 6, 5, 4, 3, 2, 1 ಎಂದು ಮೆಟ್ಟಿಲಿಳಿಯುತ್ತದೆ. ಗ್ರಾಫೀಮ್ ಲೆಕ್ಕ 4, 4, 3, 3, 2, 2, 1. ಬ್ಯಾಕ್‌ಸ್ಪೇಸ್ ಒತ್ತಿದರೂ ಅಂಕಿ ಅಲುಗಾಡದೆ ಕೂತಿರುತ್ತದೆ, ಫೋನ್ ಹ್ಯಾಂಗ್ ಆಯಿತೇನೋ ಎಂದು ಜನ ಇನ್ನೂ ಜೋರಾಗಿ ಒತ್ತುತ್ತಾರೆ.

ಹಾಗಿದ್ದರೆ ಯಾವುದು? ನನ್ನ ಅಭಿಪ್ರಾಯ: ಎನ್‌ಎಫ್‌ಸಿ ಮಾಡಿದ ಪಠ್ಯದ ಕೋಡ್‌ಪಾಯಿಂಟ್. ಕಾರಣ ಅದು ಚಂದ ಎಂದಲ್ಲ, ಅದು ಎಲ್ಲ ಕಡೆ ಒಂದೇ ಬರುತ್ತದೆ ಎಂದು. ಗ್ರಾಫೀಮ್ ನಿಯಮ ಯೂನಿಕೋಡ್ ಆವೃತ್ತಿಯ ಜೊತೆ ಬದಲಾಗುತ್ತದೆ. ಐದು ವರ್ಷ ಹಳೆಯ ಫೋನಿನಲ್ಲಿರುವ ಲೈಬ್ರರಿ, ಹೊಸ ಫೋನಿನದ್ದು, ಸರ್ವರ್‌ನದ್ದು ಮೂರೂ ಬೇರೆ ಬೇರೆ ಆವೃತ್ತಿ ಆಗಿರಬಹುದು. 15.1 ಬಂದ ಮೇಲೆ ತೆಲುಗಿನಲ್ಲಿ ಹೀಗೆ ಲೆಕ್ಕ ಬದಲಾಗಿದೆ. ನಾಳೆ ಕನ್ನಡವನ್ನೂ ಆ ಪಟ್ಟಿಗೆ ಸೇರಿಸಿದರೆ ನಮ್ಮದೂ ಬದಲಾಗುತ್ತದೆ, ಸೇರಿಸಲಿ ಎಂದೇ ನನ್ನ ಆಸೆ. ಕೋಡ್‌ಪಾಯಿಂಟ್ ಎಣಿಕೆಗೆ ಆವೃತ್ತಿಯ ಹಂಗಿಲ್ಲ. ಕೋಟ್ಲಿನ್‌ನಲ್ಲಿ ಕೋಡ್‌ಪಾಯಿಂಟ್‌ಕೌಂಟ್, ಸ್ವಿಫ್ಟ್‌ನಲ್ಲಿ ಯೂನಿಕೋಡ್‌ಸ್ಕೇಲರ್ಸ್‌ನ ಕೌಂಟ್, ಡಾರ್ಟ್‌ನಲ್ಲಿ ರೂನ್ಸ್‌ನ ಲೆಂಗ್ತ್, ಗೋದಲ್ಲಿ ರೂನ್‌ಕೌಂಟ್, ಪೈಥಾನ್ 3ರಲ್ಲಿ ಬರೀ ಲೆನ್. ಎನ್‌ಎಫ್‌ಸಿಗೆ ಡಾರ್ಟ್‌ನ ಮೂಲ ಲೈಬ್ರರಿಯಲ್ಲಿ ಏನೂ ಇಲ್ಲ, ಪ್ಯಾಕೇಜ್ ಹಾಕಿಕೊಳ್ಳಬೇಕು. ಟ್ವಿಟರ್ ಕೂಡ ಇದೇ ದಾರಿ ಹಿಡಿದದ್ದು: 2017ರ ನವೆಂಬರಿನಲ್ಲಿ 140ರಿಂದ 280ಕ್ಕೆ ಏರಿಸಿದಾಗ ಎನ್‌ಎಫ್‌ಸಿ ಮಾಡಿ ಕೋಡ್‌ಪಾಯಿಂಟ್ ಎಣಿಸಿ, ಚೀನೀ, ಜಪಾನೀ, ಕೊರಿಯನ್‌ನ ಒಂದೊಂದಕ್ಕೆ 2 ಎಂದೂ ಕನ್ನಡದಂಥ ಲಿಪಿಗಳ ಒಂದೊಂದಕ್ಕೆ 1 ಎಂದೂ ಇಟ್ಟರು.

ಕೋಡ್‌ಪಾಯಿಂಟ್ ಅಂದರೆ ನಮ್ಮ ಜನರ ಅಕ್ಷರದ ಲೆಕ್ಕಕ್ಕೆ ತಾಳೆಯಾಗುವುದಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ಅದಕ್ಕೆ ಎರಡು ಕೆಲಸ ಮಾಡಬೇಕು. ಮಿತಿಯನ್ನು ಕನ್ನಡ ನೋಡಿ ಇಡಿ. ಇಂಗ್ಲಿಷಿಗೆ 100 ಸಾಕು ಅನ್ನಿಸಿದಲ್ಲಿ 200 ಇಡಿ, ಡಿಸ್ಕು ಅಗ್ಗ. ಮತ್ತೆ, ಅಂಕಿಯ ಪಕ್ಕದಲ್ಲಿ ‘ಅಕ್ಷರ’ ಎಂದು ಬರೆಯಬೇಡಿ, ಯಾರಾದರೂ ಬೆರಳು ಮಡಿಸಿ ಎಣಿಸಿದರೆ ಸಿಕ್ಕಿಬೀಳುತ್ತೀರಿ. ‘ಇನ್ನು 20’ ಎಂದಷ್ಟೇ ಇದ್ದರೆ ಸಾಕು.

ಆ ‘ಇನ್ನು 20’ ಕೂಡ ಕೊನೆಗೆ ಬಂದಾಗ ಮಾತ್ರ. 500ರ ಬಾಕ್ಸಿನಲ್ಲಿ 12 ಬರೆದವರಿಗೆ ‘12/500’ ಎಂದು ತೋರಿಸಿ ಏನು ಉಪಯೋಗ? ಮಿತಿಯ ಹತ್ತಿರ ಬರುವವರೆಗೆ ಏನೂ ಬೇಡ, ಅಥವಾ ತುಂಬುತ್ತ ಹೋಗುವ ಒಂದು ಉಂಗುರ ಸಾಕು. ಸ್ವಾತಿಯ 2, 4, 3 ಕುಣಿತವೂ ಆಗ ಅಷ್ಟಾಗಿ ಕಾಣುವುದಿಲ್ಲ. ಅಂಕಿ ತೋರಿಸುವ ಹಂತಕ್ಕೆ ಬಂದ ಮೇಲೆ, ಪದದ ಕೆಳಗೆ ಗೆರೆ ಇರುವವರೆಗೆ, ಅಂದರೆ ಕೀಲಿಮಣೆ ಇನ್ನೂ ಪದ ಕಟ್ಟುತ್ತಿರುವವರೆಗೆ, ಹಳೆಯ ಅಂಕಿಯನ್ನೇ ಉಳಿಸಿ. ಪದ ಕೂತ ಮೇಲೆ ಬದಲಾಯಿಸಿ. ಆಂಡ್ರಾಯ್ಡ್‌ನಲ್ಲಿ ಕಂಪೋಸಿಂಗ್ ಪಠ್ಯ, ಐಫೋನಿನಲ್ಲಿ ಮಾರ್ಕ್ಡ್ ಟೆಕ್ಸ್ಟ್ ಇದೆಯೇ ಎಂದು ಕೇಳಿ ತಿಳಿಯಬಹುದು.

ಮಿತಿ ಮುಟ್ಟಿದ ಕೂಡಲೇ ಕೀಲಿಯನ್ನೇ ಕೆಲಸ ಮಾಡದಂತೆ ತಡೆಯುವುದು ನನಗೆ ಸುತರಾಂ ಒಪ್ಪಿಗೆ ಇಲ್ಲ. ಆಂಡ್ರಾಯ್ಡ್‌ನ ಲೆಂಗ್ತ್‌ಫಿಲ್ಟರ್ ಮಾಡುವುದು ಇದನ್ನೇ. ಪದ ಕಟ್ಟುತ್ತಿರುವ ಕೀಲಿಮಣೆಯ ಕೈಯಿಂದ ಪಠ್ಯ ಕಿತ್ತುಕೊಂಡರೆ ಅದಕ್ಕೂ ಗಲಿಬಿಲಿ, ಬರೆಯುವವರಿಗೂ ಗಲಿಬಿಲಿ. ಫ್ಲಟರ್‌ನವರು ಇದಕ್ಕಾಗಿಯೇ ‘ಪದ ಕಟ್ಟಿ ಮುಗಿದ ಮೇಲೆ ಕತ್ತರಿಸು’ ಎಂಬ ಆಯ್ಕೆ ಇಟ್ಟಿದ್ದಾರೆ, ಆದರೆ ಆಂಡ್ರಾಯ್ಡ್‌ನಲ್ಲಿ ಅದು ಡೀಫಾಲ್ಟ್ ಅಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬರೆದಿಟ್ಟುಕೊಂಡದ್ದನ್ನು ತಂದು ಅಂಟಿಸುವವರ ಪಾಡು ಇನ್ನೂ ಕಷ್ಟ: ಕೊನೆಯ ಸಾಲು ಸದ್ದಿಲ್ಲದೆ ಮಾಯ, ಬಹಳ ಸಲ ಫೋನ್ ನಂಬರ್ ಇರುವುದೇ ಆ ಸಾಲಿನಲ್ಲಿ. ದಾಟಲು ಬಿಡಿ. ದಾಟಿದ ಭಾಗಕ್ಕೆ ಬಣ್ಣ ಹಾಕಿ, ‘15 ಹೆಚ್ಚಾಗಿದೆ’ ಎಂದು ಹೇಳಿ, ಕಳಿಸುವ ಗುಂಡಿಯನ್ನು ಮಾತ್ರ ತಡೆಯಿರಿ. ಬ್ರಿಟಿಷ್ ಸರ್ಕಾರದ ಗವ್ ಡಾಟ್ ಯುಕೆ ವಿನ್ಯಾಸ ವ್ಯವಸ್ಥೆಯ ಕೌಂಟರ್ ಹೀಗೆಯೇ ಇದೆ, ದಾಟಲು ಬಿಡುತ್ತದೆ.

ಬರೀ ಕೆಂಪು ಬಣ್ಣ ಸಾಲದು, ಬಣ್ಣ ಗುರುತಿಸಲಾಗದವರಿದ್ದಾರೆ. ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ಬಳಸುವವರಿಗೆ ಪ್ರತಿ ಕೀಲಿಗೂ ‘ನಲವತ್ತೈದು, ನಲವತ್ತಾರು’ ಎಂದು ಓದಿ ಹೇಳಿದರೆ ಅವರು ಆ್ಯಪ್ ಕಿತ್ತುಹಾಕುತ್ತಾರೆ. ಏನೂ ಹೇಳದಿದ್ದರೆ ಮಿತಿ ಇರುವುದೇ ತಿಳಿಯುವುದಿಲ್ಲ. ಅಂಗವಿಕಲರೂ ಬಳಸುವಂತಿರಲು ಇರುವ 2018ರ ಮಾರ್ಗಸೂಚಿ ಡಬ್ಲ್ಯುಸಿಎಜಿ 2.1ರಲ್ಲಿ 4.1.3 ಎಂಬ ನಿಯಮ ಇದೆ: ಇಂಥ ಸ್ಥಿತಿಯ ಸೂಚನೆ ಫೋಕಸ್ ಬದಲಾಗದೆಯೇ ಕಿವಿಗೆ ಮುಟ್ಟಬೇಕು. ಬೆರಳು ನಿಂತಾಗ ಒಮ್ಮೆ, 20 ಉಳಿದಾಗ ಒಮ್ಮೆ, ದಾಟಿದಾಗ ಒಮ್ಮೆ ಹೇಳಿದರೆ ಸಾಕು. ಕೀಲಿಮಣೆ ಮೇಲೆದ್ದಾಗ ಕೌಂಟರ್ ಅದರ ಹಿಂದೆ ಅಡಗುತ್ತದೆಯೇ ಎಂದು ಸಣ್ಣ ಪರದೆಯ ಫೋನಿನಲ್ಲಿ, ದೊಡ್ಡ ಫಾಂಟ್ ಇಟ್ಟು ನೋಡಿ. ವೇಗದ ಚಿಂತೆ ಬೇಡ, 500 ಕೋಡ್‌ಪಾಯಿಂಟ್ ಎಣಿಸುವುದು ಫೋನಿಗೆ ಲೆಕ್ಕಕ್ಕೇ ಇಲ್ಲ. ಒಂದು ಅಂಕಿಗಾಗಿ ಇಡೀ ಸ್ಕ್ರೀನ್ ಮತ್ತೆ ಬರೆಸದಿದ್ದರೆ ಆಯಿತು.

ಕೌಂಟರ್ ತಪ್ಪಾದರೆ ನೇರವಾಗಿ ದುಡ್ಡು ಹೋಗುವ ಜಾಗ ಎಸ್‌ಎಂಎಸ್. ಅಪಾರ್ಟ್‌ಮೆಂಟ್ ಸಂಘ, ಟ್ಯೂಷನ್ ಸೆಂಟರ್, ಕ್ಲಿನಿಕ್, ಇವರಿಗೆಲ್ಲ ಸಾಮೂಹಿಕ ಸಂದೇಶ ಕಳಿಸುವ ಆ್ಯಪ್ ಮಾಡಿಕೊಡುವವರು ಇಲ್ಲಿ ಇದ್ದೀರಿ. 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಟೈಪ್‌ರೈಟರಿನ ಮುಂದೆ ಕೂತು ಸಾಮಾನ್ಯ ವಾಕ್ಯಗಳನ್ನು ಹೊಡೆದು ನೋಡಿ, 160 ಇದ್ದರೆ ಸಾಕು ಎಂದುಕೊಂಡರು. ಒಂದು ಎಸ್‌ಎಂಎಸ್‌ನ ಒಳಗಿನ ಜಾಗ 140 ಬೈಟ್, ಅಂದರೆ 1120 ಬಿಟ್. ಒಂದೊಂದಕ್ಕೆ 7 ಬಿಟ್ ಆದರೆ 160. ಆ 7 ಬಿಟ್‌ನ ಮೂಲ ಪಟ್ಟಿಯಲ್ಲಿ ಕನ್ನಡ ಇಲ್ಲ, ಆದ್ದರಿಂದ ಕನ್ನಡದ ಸಂದೇಶ 16 ಬಿಟ್‌ಗೆ ಹೋಗುತ್ತದೆ; ಆಗ ಮಿತಿ 70. ಅದನ್ನು ದಾಟಿದರೆ ಸಂದೇಶ ತುಂಡಾಗುತ್ತದೆ, ತುಂಡು ಜೋಡಿಸುವ ಗುರುತಿಗೆ ಪ್ರತಿ ತುಂಡಿನಲ್ಲೂ 6 ಬೈಟ್ ಹೋಗಿ, ಒಂದೊಂದರಲ್ಲಿ ಉಳಿಯುವುದು 67. ಇಂಗ್ಲಿಷಿನಲ್ಲಾದರೆ 153. ಕನ್ನಡಕ್ಕೇ 7 ಬಿಟ್‌ನ ಪ್ರತ್ಯೇಕ ಪಟ್ಟಿ ಮಾನಕದಲ್ಲಿದೆ. ಆದರೆ ಕಳಿಸುವ ಕಡೆ, ಪಡೆಯುವ ಕಡೆ ಎರಡಕ್ಕೂ ಅದು ತಿಳಿದಿರಬೇಕು; ಅದನ್ನು ನಂಬಿ ಕೌಂಟರ್ ಬರೆಯಬೇಡಿ.

ಒಂದು ನೋಟಿಸ್ ನೋಡಿ. ‘ನಾಳೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ನೀರು ಬರುವುದಿಲ್ಲ.’ ಪೂರ್ಣವಿರಾಮ ಸೇರಿ 54. ಒಂದು ಎಸ್‌ಎಂಎಸ್. ಇದರ ಮುಂದೆ ಒಂದು ಖಾಲಿ ಜಾಗ ಬಿಟ್ಟು ‘ಇಂದೇ ತುಂಬಿಸಿಟ್ಟುಕೊಳ್ಳಿ.’ ಎಂದು ಸೇರಿಸಿದರೆ 78, ಎರಡು ಎಸ್‌ಎಂಎಸ್. 300 ಮನೆಯ ಅಪಾರ್ಟ್‌ಮೆಂಟಿಗೆ 300ರ ಬದಲು 600ರ ಬಿಲ್. ‘ಇಂದೇ ತುಂಬಿಸಿಡಿ.’ ಎಂದು ಬದಲಾಯಿಸಿ: ಸರಿಯಾಗಿ 70, ಮತ್ತೆ ಒಂದೇ ಎಸ್‌ಎಂಎಸ್. ಕಾರ್ಯದರ್ಶಿಗಳ ಕೈಗೆ ಸರಿಯಾದ ಕೌಂಟರ್ ಕೊಟ್ಟರೆ ಈ ಬದಲಾವಣೆಯನ್ನು ಅವರೇ ಮಾಡುತ್ತಾರೆ, ನಮಗಿಂತ ಚೆನ್ನಾಗಿ ಮಾಡುತ್ತಾರೆ. ಇಲ್ಲಿ ಮಾತ್ರ ಮೊದಲಿಂದಲೂ ಅಂಕಿ ಕಾಣಬೇಕು, ಅದರ ಜೊತೆಗೆ ‘1 ಎಸ್‌ಎಂಎಸ್’, ‘2 ಎಸ್‌ಎಂಎಸ್’ ಎಂದೂ ಬರಬೇಕು. ಇಂಗ್ಲಿಷಿನಲ್ಲಿ ಬರೆಯುವವರೂ ಬಚಾವಲ್ಲ. ‘ಮೆಂಟೆನೆನ್ಸ್ ₹3500’ ಎಂದು ರೂಪಾಯಿ ಚಿಹ್ನೆ ಹಾಕಿದರೆ ಸಾಕು, ಅದು ಆ ಪಟ್ಟಿಯಲ್ಲಿ ಇಲ್ಲವಾದ್ದರಿಂದ ಇಡೀ ಸಂದೇಶದ ಮಿತಿ 160ರಿಂದ 70ಕ್ಕೆ ಕುಸಿಯುತ್ತದೆ. ಐಫೋನ್ ತಾನಾಗಿ ಹಾಕುವ ಬಾಗಿದ ಉದ್ಧರಣ ಚಿಹ್ನೆಯೂ ಅಷ್ಟೆ. ಒಂದೇ ಒಂದು ಕೀಲಿಗೆ ಕೌಂಟರ್ ಹೀಗೆ ಜಿಗಿದರೆ, ಯಾವ ಚಿಹ್ನೆಯಿಂದ ಎಂದು ತೋರಿಸುವುದೂ ಕೌಂಟರಿನ ಕೆಲಸವೇ.

ಇನ್ನು ಪ್ರಶ್ನೆಗಳು.

ಮುಂದಿನ ಸಾಲಿನಲ್ಲಿದ್ದ ಒಬ್ಬರು, “ಸರ್, ನಮ್ಮ ಡೇಟಾಬೇಸ್ ಬೈಟ್ ಲೆಕ್ಕದ್ದು, ಅದನ್ನು ಮುಟ್ಟಲು ಬಿಡುವುದಿಲ್ಲ. ಏನು ಮಾಡೋದು?” ಎಂದು ಕೇಳಿದರು. ಹಾಗಿದ್ದರೆ ಫೋನಿನಲ್ಲೂ ಬೈಟನ್ನೇ ಎಣಿಸಿ. ಆದರೆ ‘57/100’ ಎಂದು ತೋರಿಸಬೇಡಿ, ಒಂದು ಕೀಲಿಗೆ ಮೂರು ಏರುವುದು ಯಾರಿಗೂ ಅರ್ಥವಾಗುವುದಿಲ್ಲ. ಉಂಗುರ ತೋರಿಸಿ. ಉಂಗುರಕ್ಕೆ ಘಟಕ ಬೇಕಿಲ್ಲ.

“ಎಮೋಜಿ?” ಇದು ಬಂದೇ ಬರುತ್ತದೆ ಎಂದು ಗೊತ್ತಿತ್ತು. ಅಪ್ಪ, ಅಮ್ಮ, ಇಬ್ಬರು ಮಕ್ಕಳ ಆ ಕುಟುಂಬದ ಎಮೋಜಿ ಇದೆಯಲ್ಲ, ಅದು ನಾಲ್ಕು ಎಮೋಜಿಗಳನ್ನು ಮೂರು ಜೆಡ್‌ಡಬ್ಲ್ಯುಜೆಗಳಿಂದ ಪೋಣಿಸಿದ್ದು. ಕೋಡ್‌ಪಾಯಿಂಟ್ 7, ಯುಟಿಎಫ್-16ರಲ್ಲಿ 11, ಯುಟಿಎಫ್-8ರಲ್ಲಿ 25 ಬೈಟ್, ಗ್ರಾಫೀಮ್ 1. ನನ್ನ ಲೆಕ್ಕದಲ್ಲಿ ಅದು 7 ತಿನ್ನುತ್ತದೆ. ವಿಳಾಸ, ದೂರು, ಸೂಚನೆ ಬರೆಯುವಲ್ಲಿ ಇದರಿಂದ ತೊಂದರೆಯಿಲ್ಲ. ಎಮೋಜಿಯೇ ಅರ್ಧ ಮಾತಾಗಿರುವ ಚಾಟ್ ಆ್ಯಪ್ ಆದರೆ ನನ್ನ ಸಲಹೆ ಬಿಟ್ಟುಬಿಡಿ; ಗ್ರಾಫೀಮ್ ಎಣಿಸಿ, ಸರ್ವರ್‌ನಲ್ಲಿ ಧಾರಾಳವಾದ ಬೈಟ್ ಮಿತಿ ಇಡಿ.

“ಟೆಸ್ಟ್ ಮಾಡೋಕೆ ಯಾವ ಪದ ಇಟ್ಟುಕೊಳ್ಳೋಣ?” ಎಂದು ಕ್ಯುಎ ಕೆಲಸದಲ್ಲಿರುವ ಒಬ್ಬ ಮೇಡಂ ಕೇಳಿದರು, ಇದು ಒಳ್ಳೆಯ ಪ್ರಶ್ನೆ. ಮಲ್ಲೇಶ್ವರಂ, ಲಕ್ಷ್ಮಿ, ರ‍್ಯಾಂಕ್, ಸಾಫ್ಟ್‌ವೇರ್, ಬಿಡಿಸಿದ ರೂಪದ ಕೋರಮಂಗಲ, ಕುಟುಂಬದ ಎಮೋಜಿ. ಫೋನಿನಲ್ಲೂ ಸರ್ವರ್‌ನಲ್ಲೂ 10, 7, 8, 11, 7, 7 ಎಂದೇ ಬರಬೇಕು. ಕೋರಮಂಗಲಕ್ಕೆ 9 ಬಂದರೆ ಎನ್‌ಎಫ್‌ಸಿ ಮಾಡುವುದನ್ನು ಮರೆತಿದ್ದಾರೆ. ಸಾಫ್ಟ್‌ವೇರ್‌ಗೆ 10 ಬಂದರೆ ದಾರಿಯಲ್ಲಿ ಯಾರೋ ಕಾಣದ ಚಿಹ್ನೆ ತಿಂದುಹಾಕಿದ್ದಾರೆ. ಕುಟುಂಬಕ್ಕೆ 11 ಬಂದರೆ ಹಳೆಯ ಲೆಂಗ್ತ್ ಎಲ್ಲೋ ಉಳಿದುಕೊಂಡಿದೆ. ಲಕ್ಷ್ಮಿಗೆ 21 ಬಂದರೆ ಸರ್ವರ್ ತಂಡದವರನ್ನು ಕರೆಯಿರಿ.